ಭಂಗಾರದಂಗಡಿಯಲ್ಲಿ ಗಾಂಧಾರ

ಅಳ್ನಾವರ ಜಂಕ್ಷನ್ನಿನಲ್ಲಿ ಇಳಿಯುವವರಲ್ಲಿ ಎರಡೇ ಜಾತಿ. ಮುಂದಿನ ಗಾಡಿಗೆ ಕಾಯುವವರು ಒಂದು, ಹಿಂದಿನ ಗಾಡಿ ತಪ್ಪಿಸಿಕೊಂಡವರು ಇನ್ನೊಂದು. ನಾನು ಹುಟ್ಟಾ ಎರಡನೆಯ ಜಾತಿ. ಮುಂದಿನ ಗಾಡಿಗೆ ಮೂರು ತಾಸಿತ್ತು. ಎರಡು ಚಹಾ ಕುಡಿದೆ. ದಾಂಡೇಲಿ ಕಾಡಿನ ಮರ ಹೊತ್ತು ತರಲೆಂದು ಬ್ರಿಟಿಷರು ಹಾಕಿದ ಕವಲು ಹಳಿಯನ್ನು, ಅದೇನೋ ನಮ್ಮಜ್ಜ ಹಾಕಿಸಿದ್ದು ಎಂಬ ಗತ್ತಿನಲ್ಲಿ ನೋಡಿದೆ. ಆಮೇಲೆ ಪೇಟೆಯ ಕಡೆ ಕಾಲು ಹಾಕಿದೆ.

ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಮೂರೂ ಜಿಲ್ಲೆಗಳು ಹೆಗಲಿಗೆ ಹೆಗಲು ಕೊಡುವ ಜಾಗ ಇದು. ಹಾಗಾಗಿ ಇಲ್ಲಿ ಗುಜರಿಗೆ ಮರಾಠಿಯ 'ಭಂಗಾರ' ಎಂಬ ಹೆಸರೂ ಓಡುತ್ತದೆ. ಬಂಗಾರಕ್ಕೂ ಭಂಗಾರಕ್ಕೂ ಒಂದೇ ಒಂದು ಮಹಾಪ್ರಾಣದ ಅಂತರ. ನಮ್ಮ ಕಡೆಯ ನಾಲಿಗೆಗೆ ಮಹಾಪ್ರಾಣ ಒಗ್ಗುವುದೂ ಇಲ್ಲ. ಆದ್ದರಿಂದ 'ಅಜ್ಜಾರ ಕಾಲದ್ದೆಲ್ಲಾ ಬಂಗಾರಕ್ಕ ಹಾಕಿದ್ವಿ' ಎಂದು ಯಾರಾದರೂ ಹೇಳಿದರೆ ಮನೆತನ ಉದ್ಧಾರವಾಯಿತೋ ಮನೆ ಖಾಲಿಯಾಯಿತೋ ತಿಳಿಯುವುದಿಲ್ಲ.

ಅಂಥ ಒಂದು ಅಂಗಡಿಯ ಮುಂದೆ ಒಡೆದ ಕುಕ್ಕರು, ಸೈಕಲ್ಲಿನ ಹ್ಯಾಂಡಲ್ಲು, ಸೋತ ಅಭ್ಯರ್ಥಿಯೊಬ್ಬರ ಫ್ಲೆಕ್ಸಿನ ಚೌಕಟ್ಟು ಇವುಗಳ ನಡುವೆ ಕಪ್ಪಗೆ, ದುಂಡಗೆ ಅದು ಕೂತಿತ್ತು. ಗ್ರಾಮಾಫೋನ್ ಪ್ಲೇಟು. ನಡುವಿನ ಚೀಟಿ ಉಜ್ಜಿ ಹೋಗಿ, ಕೊಳವೆಗೆ ಕಿವಿಗೊಟ್ಟ ಆ ಪ್ರಸಿದ್ಧ ನಾಯಿಯ ಬೆನ್ನು ಮಾತ್ರ ಉಳಿದಿತ್ತು.

"ಎಷ್ಟಕ್ಕ ಕೊಡ್ತೀರಿ?"

ಅಂಗಡಿಯವ ನಿಜವಾಗಿಯೂ ನೊಂದುಕೊಂಡ. "ಅದನ್ನ ಕೇಳಬ್ಯಾಡ್ರಿ. ಇದಕ್ಕ ಯಾವ ರೇಟ್ ಹಚ್ಚಬೇಕು ಅನ್ನೂದ ತಿಳೀವಲ್ದು. ಕಬ್ಬಿಣ ಅನ್ನೂಣಂದ್ರ ಚುಂಬಕಕ್ಕ ಹತ್ತೂದಿಲ್ಲ. ಪ್ಲಾಸ್ಟಿಕ್ ಅನ್ನೂಣಂದ್ರ ಬಿದ್ರ ಒಡೀತೈತಿ. ಫರಶಿ ಅನ್ನೂಣಂದ್ರ ಸುಟ್ರ ವಾಸನಿ ಬರ್ತೈತಿ. ಹಾಡು ಅಂತಾರ. ಹಾಡಿಗೆ ನಮ್ಮ ತಕ್ಕಡ್ಯಾಗ ರೇಟಿಲ್ಲರಿ."

ಸಂಗೀತದ ಬಗ್ಗೆ ಧಾರವಾಡ ಜಿಲ್ಲೆಯಲ್ಲಿ ನಾನು ಕೇಳಿದ ಅತ್ಯಂತ ಪ್ರಾಮಾಣಿಕ ಮಾತು ಇದು. ವೇದಿಕೆಯ ಮೇಲೆ ಯಾರೂ ಹೀಗೆ ಮಾತಾಡುವುದಿಲ್ಲ.

ಅವನ ಸಂಶಯ ಮೂರಕ್ಕೆ ಮೂರೂ ಸರಿ. 78 ಸುತ್ತಿನ ಪ್ಲೇಟು ಅಂದರೆ ಸಮ್ಮಿಶ್ರ ಸರಕಾರ. ಅದರಲ್ಲಿ ಬಹುಮತ ಕಲ್ಲಿನದು: ಸ್ಲೇಟು, ಸುಣ್ಣಕಲ್ಲು ಮುಂತಾದವುಗಳ ನುಣುಪು ಹಿಟ್ಟು. ಮೋರೆಗೆ ಬಳಿಯಲು ದೀಪದ ಕಾಡಿಗೆ. ಬಿರುಕು ಬಿಡದಂತೆ ಹಿಡಿದಿಡಲು ಹತ್ತಿಯ ನವಿರು, ಅಣ್ಣಿಗೇರಿಯ ಜಿನ್ನಿಂಗಿನಲ್ಲಿ ಮೂಗಿಗೆ ಹತ್ತುತ್ತದಲ್ಲ, ಆ ಥರದ್ದು. ಇವರನ್ನೆಲ್ಲ ಒಂದೇ ಮಂತ್ರಿಮಂಡಲದಲ್ಲಿ ಅಂಟಿಸಿ ಕೂಡಿಸುವವನು ಮಾತ್ರ ಅರಗು, ಇಂಗ್ಲಿಷಿನವರ ಶೆಲ್ಲಾಕು. ಪಾಲು ನೋಡಿದರೆ ಕಾಲುಭಾಗದ ಆಸುಪಾಸು. ಅವನು ಬೆಂಬಲ ಹಿಂತೆಗೆದುಕೊಂಡರೆ ಉಳಿಯುವುದು ಒಂದು ಬೊಗಸೆ ಧೂಳು.

ಕೆಲವು ಕಂಪನಿಗಳದು ಇನ್ನೂ ಜಾಣತನ. ಕೊಲಂಬಿಯಾದವರು ಒಳಗೆ ಒರಟು ಗರಸು ತುಂಬಿ, ಮೇಲೆ ಕಾಗದಕ್ಕೆ ಅಂಟಿಸಿದ ನಯವಾದ ಪದರ ಹೊದಿಸುತ್ತಿದ್ದರು. ನಮ್ಮ ಲೋಕೋಪಯೋಗಿ ರಸ್ತೆಗಳ ತಂತ್ರಜ್ಞಾನ ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಂಡವರು ಇಲ್ಲಿ ನೋಡಬಹುದು. ವ್ಯತ್ಯಾಸವೆಂದರೆ ಕೊಲಂಬಿಯಾದ ಪದರ ಮಳೆಗಾಲ ದಾಟುತ್ತಿತ್ತು.

ಅರಗು ಬರುವುದು ಹುಳದಿಂದ. ಮುತ್ತಲ ಗಿಡ, ಸಾಗಡೆ, ಬಾರಿ ಗಿಡ ಇವುಗಳ ಎಳೆ ಟೊಂಗೆಗೆ ಮುತ್ತಿ, ರಸ ಹೀರಿ, ಮೈಮೇಲೆ ಗೂಡು ಸುರಿಸಿಕೊಳ್ಳುವ ಬಡಪಾಯಿ. ನಮ್ಮ ಹಳೆಯ ಮೈಸೂರಿನ ಕಡೆ ಜಾಲರಿ ಮರದ ಮೇಲೂ ಅದರ ಬಂಧುಗಳಿದ್ದಾರೆ. 1920ರ ದಶಕದಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ವಿಜ್ಞಾನಿಗಳು ಈ ಹುಳದ ಹಿಂದೆ ಬಿದ್ದಿದ್ದರು. ಒಂದು ಕಿಲೋ ಅರಗಿಗೆ ಸುಮಾರು 3 ಲಕ್ಷ ಹುಳ ದುಡಿಯಬೇಕು ಎಂದು ಬಲ್ಲವರ ಲೆಕ್ಕ. ಲಾಕ್ಷಕ್ಕೆ ಲಕ್ಷ! ಹತ್ತಿಂಚಿನ ಪ್ಲೇಟು ಸುಮಾರು 200 ಗ್ರಾಂ ತೂಗಿತು, ಅದರಲ್ಲಿ ಅರಗು 50 ಗ್ರಾಂ ಎಂದು ಹಿಡಿದರೂ 15,000 ಹುಳ ಆಯಿತು. ಮಗ್ಗುಲಿಗೆ ಮೂರು ನಿಮಿಷದಂತೆ ಆರು ನಿಮಿಷದ ಹಾಡಿಗೆ ಹದಿನೈದು ಸಾವಿರ ಪ್ರಾಣ. ಆಲಾಪವನ್ನು ಚುಟುಕು ಮಾಡಿ ಎಂದು ಉಸ್ತಾದರಿಗೆ ಹೇಳಲು ಧೈರ್ಯವಾಗದ ಕಂಪನಿಯವರು ಈ ಲೆಕ್ಕ ಮುಂದಿಡಬಹುದಿತ್ತು.

ಹುಳದ ಪಾಡು ಅದಾದರೆ ಮನುಷ್ಯನದು ಇನ್ನೊಂದು. ಛೋಟಾ ನಾಗಪುರದ ಕಾಡಿನಲ್ಲಿ ಆದಿವಾಸಿಗಳು ಕಡ್ಡಿಯಿಂದ ಕೆರೆದು ಕೊಟ್ಟ ಅರಗು ಮಿರ್ಜಾಪುರದಂಥ ಊರುಗಳಿಗೆ ಹೋಗುತ್ತಿತ್ತು. ಅಲ್ಲಿ ಉದ್ದನೆಯ ಬಟ್ಟೆಯ ಚೀಲದಲ್ಲಿ ಅದನ್ನು ತುಂಬಿ, ಇದ್ದಿಲ ಒಲೆಯ ಮುಂದೆ ಹಿಂಡಿ ಸೋಸುತ್ತಿದ್ದರು. ಹಾಗೆ ಬಂದ ಬಿಸಿ ಅರಗಿನ ಹಾಳೆಯನ್ನು ಒಬ್ಬ ಆಳು ಎರಡು ಕೈ, ಎರಡು ಕಾಲು, ಸಾಲದ್ದಕ್ಕೆ ಹಲ್ಲಿನಲ್ಲೂ ಕಚ್ಚಿ ಹಿಡಿದು ಹಪ್ಪಳದಂತೆ ಎಳೆಯುತ್ತಿದ್ದ. ಯೋಚಿಸಿ ನೋಡಿ. ಗವಾಯಿ ತುಟಿ ಬಿಚ್ಚುವ ಮೊದಲೇ ಆ ಪ್ಲೇಟಿನ ಮೇಲೆ ಯಾರದೋ ಹಲ್ಲು ಬಿದ್ದಿರುತ್ತಿತ್ತು. ಘರಾಣೆಯ ವಂಶಾವಳಿ ಬರೆಯುವ ಪಂಡಿತರು ಈ ಪೂರ್ವಜನನ್ನು ಯಾಕೋ ಬಿಟ್ಟಿದ್ದಾರೆ.

ಅಲ್ಲಿಂದ ಕಲಕತ್ತೆ. ಗ್ರಾಮಾಫೋನ್ ಕಂಪನಿ ಅಲ್ಲಿ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆದದ್ದು 1908ರಲ್ಲಿ, ಡಮ್‌ಡಮ್‌ಗೆ ಹೋದದ್ದು 1928ರಲ್ಲಿ. ಅದಕ್ಕೂ ಮೊದಲು, 1902ರಲ್ಲಿ ಗೌಹರ್ ಜಾನ್ ಹಾಡಿದಾಗ, ಮೇಣದ ಅಚ್ಚು ಹಡಗು ಹತ್ತಿ ಜರ್ಮನಿಯ ಹ್ಯಾನೋವರಿಗೆ ಹೋಗಿ ಪ್ಲೇಟಾಗಿ ಮರಳುತ್ತಿತ್ತು. ಅರಗು ಇಲ್ಲಿಂದ ಹೋಗಬೇಕು, ಹಾಡು ಇಲ್ಲಿಂದ ಹೋಗಬೇಕು, ಬೆಲೆ ಮಾತ್ರ ಅಲ್ಲಿಂದ ಬರಬೇಕು. ಆಕೆ ಕೊನೆಗೆ ಮೈಸೂರು ಅರಮನೆಯ ಗಾಯಕಿಯಾಗಿ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡಳು.

ಪ್ಲೇಟು ಹುಟ್ಟುವ ಬಗೆಯನ್ನೂ ಕೇಳಿ. ಮೇಣದ ತಟ್ಟೆಯ ಮೇಲೆ ದನಿ ಗೀರುತ್ತದೆ. ಅದಕ್ಕೆ ಲೋಹದ ನೀರು ಕುಡಿಸಿ ತಾಮ್ರ, ನಿಕ್ಕಲ್ಲಿನ ಪಡಿಯಚ್ಚು ತೆಗೆಯುತ್ತಾರೆ. ಮೊದಲನೆಯದು ತಂದೆ, ಅದರಿಂದ ತಾಯಿ, ತಾಯಿಯಿಂದ ಒತ್ತುವ ಅಚ್ಚು. ಬಿಸಿ ಮೇಜಿನ ಮೇಲೆ ಮೆತ್ತಗಾದ ಅರಗಿನ ಮುದ್ದೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು, ಉಗಿಯಲ್ಲಿ ಬೇಯಿಸಿ, ಒತ್ತಿ, ತಣ್ಣೀರು ಬಿಡುತ್ತಾರೆ. ರೊಟ್ಟಿ ಬಡಿಯುವ ನಮ್ಮ ಹೆಂಗಸರಿಗೆ ಇದನ್ನು ಅರ್ಧ ದಿನದಲ್ಲಿ ಕಲಿಸಬಹುದಿತ್ತು.

ಇಷ್ಟರಲ್ಲಿ ಯುದ್ಧ ಬಂತು. ದುರ್ಯೋಧನನಿಗೆ ಅರಗಿನ ಅರಮನೆ ಹೊಳೆದಂತೆ ದೊರೆಗಳಿಗೆಲ್ಲ ಅರಗು ನೆನಪಾಯಿತು. ಮದ್ದುಗುಂಡಿನ ಬಾಯಿಗೆ ತೇವ ತಗಲದಂತೆ ಬಳಿಯಲು ಅದೇ ಬೇಕು, ಸಂಕೇತದ ಬಾಣಬಿರುಸಿನ ಮಸಾಲೆ ಹಿಡಿದಿಡಲು ಅದೇ ಬೇಕು, ವಿದ್ಯುತ್ ತಂತಿಯ ಹೊದಿಕೆಗೂ ಅದೇ. ಇತ್ತ ಜಪಾನಿನವರು ಬರ್ಮಾ, ಸಯಾಮಿನ ಕಡೆಯ ದಾರಿ ಮುಚ್ಚಿದರು, ಅತ್ತ ಕಡಲಿನಲ್ಲಿ ಜಲಾಂತರ್ಗಾಮಿಗಳು. 1942ರ ಏಪ್ರಿಲಿನಲ್ಲಿ ಅಮೆರಿಕದ ಯುದ್ಧೋತ್ಪಾದನಾ ಮಂಡಳಿ ಆಜ್ಞೆ ಹೊರಡಿಸಿತು: ಪ್ಲೇಟಿನವರಿಗೆ ಅರಗು ಶೇಕಡಾ 70 ಕಡಿತ. ಮುತ್ತಲ ಗಿಡದ ಹುಳ ಒಮ್ಮೆ ಮಗ್ಗುಲು ಬದಲಿಸಿತು, ನ್ಯೂಯಾರ್ಕಿನ ಜಾಸ್ ವಾದ್ಯಗಾರನಿಗೆ ಕೆಲಸ ತಪ್ಪಿತು. ಸಾಲದ್ದಕ್ಕೆ ಅದೇ ಆಗಸ್ಟಿನಿಂದ ಅಲ್ಲಿನ ವಾದ್ಯಗಾರರ ಸಂಘ ಧ್ವನಿಮುದ್ರಣದ ವಿರುದ್ಧ ಮುಷ್ಕರವನ್ನೇ ಹೂಡಿತು. ನುಡಿಸುವವರಿಲ್ಲ, ನುಡಿಸಿದರೆ ಒತ್ತಲು ಅರಗಿಲ್ಲ. ಇದು ಒಂದು ಥರದ ಸಮತೋಲ.

ಆಗ ಬಂದ ಪದ್ಧತಿ ಇದು: ಹೊಸ ಪ್ಲೇಟು ಬೇಕೋ, ಹಳೆಯದೊಂದು ತಂದು ಕೊಡಿ. ಒಡೆದದ್ದಾದರೂ ಸರಿ. ಅದನ್ನು ಪುಡಿ ಮಾಡಿ, ಮತ್ತೆ ಬೇಯಿಸಿ, ಹೊಸ ಹಾಡು ಒತ್ತುತ್ತಾರೆ. ಸೈನಿಕರಿಗೆ ಹಾಡು ಕಳಿಸುವ ಅಭಿಯಾನವೂ ನಡೆಯಿತು. ಜನ ಮನೆಮನೆಯಿಂದ ಹಳೆ ಪ್ಲೇಟು ಕೊಟ್ಟರು, ಅವನ್ನು ಗುಜರಿಗೆ ಮಾರಿದರು, ಬಂದ ದುಡ್ಡಿನಲ್ಲಿ ಹೊಸ ಪ್ಲೇಟು ಕೊಂಡು ರಣರಂಗಕ್ಕೆ ಕಳಿಸಿದರು. ಹಾಡು ಕೊಟ್ಟವರ ಹಾಡು ಸೈನಿಕನಿಗೆ ಮುಟ್ಟಲಿಲ್ಲ, ಅದರ ಅರಗು ಮುಟ್ಟಿತು. ದಾನದ ಸೀರೆಯನ್ನು ದೇವಸ್ಥಾನದವರು ಹರಾಜು ಹಾಕಿ ದೇವಿಗೆ ಹೊಸ ಸೀರೆ ತಂದಂತೆ.

ಈ ಪದ್ಧತಿಯ ಸೊಗಸು ನನಗೆ ಬಹಳ ಹಿಡಿಸಿದೆ. ಇದು ಮನೆಯಲ್ಲಿದ್ದವರನ್ನೆಲ್ಲ ಒಂದೇ ದಿನದಲ್ಲಿ ಸಂಗೀತ ವಿಮರ್ಶಕರನ್ನಾಗಿ ಮಾಡುತ್ತದೆ. ಹೊಸದು ಬೇಕು, ಹಳೆಯದೊಂದು ಸಾಯಬೇಕು. ಯಾವುದನ್ನು? ನಮ್ಮ ಧಾರವಾಡದ ಕಡೆ ಇದನ್ನು ಜಾರಿಗೆ ತಂದಿದ್ದರೆ ಏನಾಗುತ್ತಿತ್ತು! ಅಪ್ಪ ಮಾವನವರು ಬಳುವಳಿ ಕೊಟ್ಟ ಭಜನೆಯ ಪ್ಲೇಟು ಮೊದಲು ಎತ್ತುತ್ತಾನೆ. ಅವ್ವ ಅಪ್ಪನ ನಾಟಕ ಕಂಪನಿಯ ನಟಿಯ ಪ್ಲೇಟನ್ನು ಆಗಲೇ ಎತ್ತಿ ಸೆರಗಿನಲ್ಲಿಟ್ಟಿರುತ್ತಾಳೆ. ಅಜ್ಜ ಯಾವುದನ್ನೂ ಕೊಡಲು ಒಪ್ಪದೆ ಉಪವಾಸ ಕೂಡುತ್ತಾನೆ. ಭಾಷಣದ ಪ್ಲೇಟೊಂದು ಇದ್ದರೆ ಮನೆಯಲ್ಲಿ ಒಮ್ಮತ ಮೂಡುತ್ತದೆ. ಒಮ್ಮತಕ್ಕಾಗಿ ರಾಜಕಾರಣಿಗಳು ದೇಶಕ್ಕೆ ಇಷ್ಟಾದರೂ ಉಪಕಾರ ಮಾಡಬಹುದು.

ಪುಡಿ ಮಾಡಿ ಒತ್ತಿದ ಆ ಯುದ್ಧಕಾಲದ ಪ್ಲೇಟುಗಳಲ್ಲಿ ಹಾಡಿಗಿಂತ ಮೊದಲು ಕೇಳುವುದು ಸರಪರ ಸದ್ದು, ಒಣಜೋಳದ ಕಣಕಿಯ ಮೇಲೆ ಎಮ್ಮೆ ನಡೆದ ಹಾಗೆ. ಪ್ಲೇಟಿನ ಚೂರಿಗೆ ಅಂಟಿದ್ದ ಚೀಟಿಯ ಕಾಗದವೂ ಕೆಲವೊಮ್ಮೆ ಹಿಟ್ಟಿನಲ್ಲಿ ಸೇರಿರುತ್ತಿತ್ತು. ತಂತ್ರಜ್ಞರು ಕಚ್ಚಾ ಮಾಲಿನ ದೋಷ ಎನ್ನುತ್ತಾರೆ. ನನಗೆ ಅದು ಅರಗದ ಹಾಡುಗಳ ಸದ್ದು. ಕೊಟ್ಟ ಭಜನೆ, ಕೊಟ್ಟ ನಾಟಕದ ಪದ, ಕೊಟ್ಟ ಭಾಷಣ ಎಲ್ಲ ಒಳಗೆ ಕೂತು ಹೊಸ ಹಾಡಿಗೆ ಅಡ್ಡ ಮಾತಾಡುತ್ತಿವೆ.

ಸೂಜಿಯ ಕತೆಯೂ ಹೀಗೆಯೇ. ಪ್ಲೇಟಿನಲ್ಲಿ ಕಲ್ಲುಹಿಟ್ಟು ಸುಮ್ಮನೆ ಸೇರಿಸಿದ್ದಲ್ಲ. ಉಕ್ಕಿನ ಸೂಜಿಯನ್ನು ಮೊದಲ ಕೆಲವು ಸುತ್ತಿನಲ್ಲೇ ತೇಯ್ದು ಗೀರಿನ ಅಳತೆಗೆ ತರುವ ಕೆಲಸ ಅದರದು. ಅದಕ್ಕೇ ಒಂದು ಮಗ್ಗುಲಿಗೆ ಒಂದು ಸೂಜಿ, ಹಾಡು ಮುಗಿಯಿತೋ ತೆಗೆದು ಎಸೆಯಬೇಕು. ತೇಯ್ದ ಸೂಜಿಯನ್ನೇ ಮತ್ತೆ ಮತ್ತೆ ಹಾಕಿದರೆ ಅದು ಗೀರನ್ನು ಕೊರೆದು ಹಾಡನ್ನೇ ತಿನ್ನುತ್ತದೆ. ಯುದ್ಧ ಬಂದು ಉಕ್ಕು ತುಟ್ಟಿಯಾದಾಗ ಜನ ಮಾಡಿದ್ದು ಅದನ್ನೇ. ವಿಲಾಯತಿಯವರು ಕಳ್ಳಿಯ ಮುಳ್ಳು, ಬಿದಿರಿನ ಕಡ್ಡಿಯನ್ನೂ ಸೂಜಿ ಮಾಡಿಕೊಂಡಿದ್ದರು, ಮುಳ್ಳಿಗೆ ಅಲ್ಲೂ ಬರವಿರಲಿಲ್ಲ. ನಮ್ಮ ಸಂಘಸಂಸ್ಥೆಗಳಿಗೆ ಯುದ್ಧ ಬರದಿದ್ದರೂ ಈ ಉಳಿತಾಯದ ಬುದ್ಧಿ ಬಂದಿದೆ. ಇಪ್ಪತ್ತೈದು ವರ್ಷದಿಂದ ಅದೇ ಅಧ್ಯಕ್ಷರು, ಅದೇ ಗೀರು. ಕಿರ್‌ ಎಂದರೆ ಅದು ಪರಂಪರೆ.

ಅಲ್ಯೂಮಿನಿಯಂ ವಿಮಾನಕ್ಕೆ ಹೋದ್ದರಿಂದ ರೇಡಿಯೋದವರು ಗಾಜಿನ ತಟ್ಟೆಗೆ ಮೆರುಗು ಬಳಿದು ಧ್ವನಿ ಮುದ್ರಿಸಿಕೊಂಡರು. ಕೈ ಜಾರಿದರೆ ಇಡೀ ಭಾಷಣ ಕಸಬರಿಗೆಯ ಪಾಲು. ಈ ಒಂದು ಸುಧಾರಣೆಯನ್ನು ಶಾಂತಿಕಾಲದಲ್ಲಿ ಕೈಬಿಟ್ಟದ್ದು ತಪ್ಪು.

ಅಮೆರಿಕದ ಸೈನ್ಯ ಮಾತ್ರ ತನಗಾಗಿ ಬೇರೆ ದಾರಿ ಹುಡುಕಿತು. 1943ರಿಂದ ವಿ-ಡಿಸ್ಕ್ ಎಂಬ ಹನ್ನೆರಡಿಂಚಿನ ಪ್ಲೇಟುಗಳನ್ನು ಒತ್ತಿಸಿ ದಂಡಿನ ಠಾಣೆಗಳಿಗೆ ಕಳಿಸಿತು. ಅರಗಿನ ಬದಲು ವಿನೈಲು. ಬಿದ್ದರೆ ಒಡೆಯದು, ಬಗ್ಗಿದರೆ ಮುರಿಯದು. ಅದಕ್ಕೂ ಯುದ್ಧದ ಕೆಲಸ ಸಿಕ್ಕಿ ಕೊರತೆಯಾದಾಗ ಫಾರ್ಮ್‌ವಾರ್ ಎಂಬ ಇನ್ನೊಂದು ರಾಳ. ವಾದ್ಯಗಾರರು ಕಾಸು ತೆಗೆದುಕೊಳ್ಳದೆ ನುಡಿಸಿದರು, ಒಂದು ಕರಾರಿನ ಮೇಲೆ: ಇವು ಮಾರಾಟಕ್ಕಲ್ಲ. 1949ರಲ್ಲಿ ಯೋಜನೆ ಮುಗಿದ ಮೇಲೆ ಸರಕಾರ ಮಾತಿಗೆ ತಪ್ಪದೆ ಮೂಲ ಅಚ್ಚುಗಳನ್ನು ನಾಶ ಮಾಡಿತು. ಮನೆಗೆ ಸಾಗಿಸಿದವರ ಪ್ಲೇಟು ಕಿತ್ತುಕೊಂಡಿತು. ಲಾಸ್ ಏಂಜಲೀಸಿನ ರೆಕಾರ್ಡು ಕಂಪನಿಯೊಂದರ ನೌಕರ 2,500 ವಿ-ಡಿಸ್ಕ್ ಇಟ್ಟುಕೊಂಡ ತಪ್ಪಿಗೆ ಜೈಲಿಗೂ ಹೋದ. ಹಾಡು ಇಟ್ಟುಕೊಂಡದ್ದಕ್ಕೆ ನಮ್ಮ ಜಿಲ್ಲೆಯಲ್ಲಿ ಯಾರೂ ಜೈಲು ಕಂಡಿಲ್ಲ. ಕಂಡಿದ್ದರೆ ಒಳ್ಳೆಯದಿತ್ತು. ಪ್ಲೇಟುಗಳು ಕೋರ್ಟಿನ ಮುದ್ದೆಮಾಲಾಗಿ, ಅರಗಿನ ಮುದ್ರೆ ಹಾಕಿಸಿಕೊಂಡು, ಇವತ್ತಿಗೂ ವಾಯಿದೆಗೆ ಕಾಯುತ್ತ ಭದ್ರವಾಗಿರುತ್ತಿದ್ದವು.

ಹಿಂದುಸ್ಥಾನದ ಅರಗಿಗೆ ಅದೇ ಯುದ್ಧಕಾಲದಲ್ಲಿ ಇನ್ನೊಂದು ಕೆಲಸ ಬಿತ್ತು. 1943ರಲ್ಲಿ ಬಾಂಬೆ ಟಾಕೀಸಿನ 'ಕಿಸ್ಮತ್' ಬಂತು. ಅದರಲ್ಲಿ ಪರಕೀಯರಿಗೆ ದೂರ ಸರಿಯಿರಿ ಎನ್ನುವ ಹಾಡು. ಬರೆದವರು ಕವಿ ಪ್ರದೀಪ್, ಹಾಡಿದವರಲ್ಲಿ ಒಬ್ಬರು ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ. ಹಾಡಿನಲ್ಲಿ ಜರ್ಮನಿ, ಜಪಾನಿನ ಹೆಸರಿತ್ತು. ಹೆಸರು ಕಂಡ ಸೆನ್ಸಾರಿನ ಸಾಹೇಬ, ಭಲೆ, ಶತ್ರುವಿಗೆ ಬೈದಿದ್ದಾರೆ ಎಂದು ಮುದ್ರೆ ಒತ್ತಿದ. ಕೊಟ್ಟಿಗೆಯ ಎಮ್ಮೆಗೂ ಅರ್ಥ ಗೊತ್ತಿತ್ತು, ಸಾಹೇಬನಿಗೆ ಗೊತ್ತಾಗುವ ಹೊತ್ತಿಗೆ ಕಲಕತ್ತೆಯ ರಾಕ್ಸಿಯಲ್ಲಿ ಚಿತ್ರ ಭದ್ರವಾಗಿ ಕೂತು ಮೂರು ವರ್ಷ ಏಳಲಿಲ್ಲ. ಅರಗಿನ ಮನೆಗೆ ಸುರಂಗ ತೋಡಿಸಿದ ವಿದುರನ ಬುದ್ಧಿ ಇದು. ಸುಡಲೆಂದು ಕೂಡಿಟ್ಟ ಅರಗಿನೊಳಗಿಂದಲೇ ದಾರಿ. ಅರಗನ್ನು ಯಾರ್ಯಾರು ಯಾವ್ಯಾವುದಕ್ಕೆ ಬಳಿದರೋ. ಒಂದು ಪಾಲನ್ನಾದರೂ ಬೀಳಗಿಯ ಹೆಣ್ಣುಮಗಳು ಸರಿಯಾದ ಗುಂಡಿಗೆ ತುಂಬಿದಳು.

ಯುದ್ಧ ಮುಗಿದ ಮೇಲೆ ಲೋಕವೆಲ್ಲ ವಿನೈಲಿಗೆ ಹೊರಳಿತು. ನಾವು ಅರಗು ಬಿಡಲಿಲ್ಲ. ಡಮ್‌ಡಮ್‌ನಲ್ಲಿ 1960ರ ದಶಕದಲ್ಲಿ ಬೀಟಲ್ಸ್ ಹುಡುಗರನ್ನೂ 78ರ ಅರಗಿಗೆ ಒತ್ತಿದರು. ವಿದ್ಯುತ್ತಿಲ್ಲದ ಊರಿಗೆ ಚಾವಿ ಕೊಡುವ ಪೆಟ್ಟಿಗೆಯೇ ಗತಿ. ಅದಕ್ಕೆ ತಕ್ಕ ಪ್ಲೇಟು. ಇವತ್ತು ಆ ಬೀಟಲ್ಸ್ ಅರಗಿಗೆ ವಿಲಾಯತಿಯವರು ಬಂಗಾರದ ಬೆಲೆ ಕೊಡುತ್ತಾರೆ. ಮಹಾಪ್ರಾಣವಿಲ್ಲದ ಬಂಗಾರ.

ಮತ್ತೆ ಅಳ್ನಾವರದ ಪ್ಲೇಟಿಗೆ ಬರೋಣ. ಬೆಳಕಿಗೆ ಹಿಡಿದು ನೋಡಿದೆ. ಯಾರ ದನಿಯಿರಬಹುದು? 1930ರ ದಶಕದ ಆರಂಭದಲ್ಲಿ 'ಗಾಂಧಾರಿ' ಎಂಬ ಹೆಸರಿನಲ್ಲಿ ಹಾಡಿದ ಗಂಗೂಬಾಯಿ ಹಾನಗಲ್? ಮನಸೂರಿನ ಮಲ್ಲಿಕಾರ್ಜುನ? ಕುಂದಗೋಳದ ಸವಾಯಿ ಗಂಧರ್ವರು? ಗಂಗೂಬಾಯಿಯವರೇ ಇರಲಿ ಎಂದು ಕುಲದೇವರಿಗೆ ಹರಕೆ ಹೊತ್ತೆ. ಅಂಗಡಿಯಲ್ಲಿ ಕೇಳಿದ ಅಬ್ದುಲ್ ಕರೀಂ ಖಾನರ ಒಂದು ಪ್ಲೇಟು 1933ರಲ್ಲಿ ಗದಗಿನ ಹುಡುಗ ಭೀಮಸೇನನನ್ನು ಮನೆ ಬಿಟ್ಟು ಓಡಿಸಿತು ಎನ್ನುತ್ತಾರಲ್ಲ. ಆಗ ಅಂಗಡಿಯ ಪ್ಲೇಟು ಕೇಳಿ ಮಕ್ಕಳು ಮನೆ ಬಿಡುತ್ತಿದ್ದರು, ಈಗ ಮಕ್ಕಳು ಮನೆ ಬಿಟ್ಟ ಮೇಲೆ ಪ್ಲೇಟು ಅಂಗಡಿಗೆ ಬರುತ್ತದೆ.

ಹಿಂದೊಮ್ಮೆ ಒಂದು ಸ್ಮರಣೋತ್ಸವಕ್ಕೆ ಹೋಗಿದ್ದೆ. ಯಾವ ಊರು, ಯಾವ ಸಮಿತಿ ಕೇಳಬೇಡಿ, ನಾಳೆ ಮತ್ತೆ ಕರೆಯುವವರು ಅವರೇ. ನಾದಕ್ಕೆ ಅಳಿವಿಲ್ಲ ಎಂದು ಮುಖ್ಯ ಅತಿಥಿಗಳು ನಲವತ್ತು ನಿಮಿಷ ಸಾಧಿಸಿದರು. ಮೈಕಿನ ಮೇಜು ಒಂದು ಕಾಲು ಗಿಡ್ಡ. ಅಳ್ಳಾಡದಿರಲೆಂದು ಅದರ ಕೆಳಗೆ ದುಂಡಗೆ, ಕಪ್ಪಗೆ ಏನನ್ನೋ ಕೊಟ್ಟಿದ್ದರು. ಬಗ್ಗಿ ನೋಡಿದೆ. ನಾದ ನಿಜವಾಗಿಯೂ ಅಳಿದಿರಲಿಲ್ಲ, ಮೇಜಿನ ಭಾರ ಹೊತ್ತುಕೊಂಡು ತಾಳಿಕೊಂಡಿತ್ತು. ಅದರ ಮೇಲೆ ಕೂತದ್ದು ಹಾರ, ಪೇಡೆಯ ಪೊಟ್ಟಣ ಮತ್ತು ಅತಿಥಿಗಳ ಮೊಣಕೈ. ಯುದ್ಧಕಾಲದ ಆ ಮಂಡಳಿಯವರು ಹಾಡು ಕರಗಿಸುವಾಗ ಲೆಕ್ಕವನ್ನಾದರೂ ಬರೆದಿಟ್ಟರು. ಇಷ್ಟು ಅರಗು ಬಂತು, ಇಷ್ಟು ಹೋಯಿತು. ನಮ್ಮಲ್ಲಿ ಅಟ್ಟ ಗುಡಿಸಿದ ದಿನ ಯಾವ ದನಿ ಹೋಯಿತು ಎಂಬುದಕ್ಕೆ ಒಂದು ರಸೀದಿ ಇಲ್ಲ.

ಹೋಟೆಲುಗಳ ಗೋಡೆಗೆ ಪ್ಲೇಟಿನ ನಡುವೆ ಮುಳ್ಳು ಸಿಕ್ಕಿಸಿ ಗಡಿಯಾರ ಮಾಡುವವರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಹಾಡು ಇಲ್ಲದಿದ್ದರೇನು, ತಾಳವಾದರೂ ಇದೆ.

"ಹತ್ತು ರೂಪಾಯಿ ಕೊಡ್ರಿ," ಎಂದ ಅಂಗಡಿಯವ ಕೊನೆಗೆ, ಲೋಕದಲ್ಲಿಲ್ಲದ ದರವೊಂದನ್ನು ತಾನೇ ಸೃಷ್ಟಿಸಿ. ಕೊಟ್ಟೆ. ಚೀಲದಲ್ಲಿಟ್ಟು ಗಾಡಿ ಹತ್ತಿದೆ. ಹತ್ತುವಾಗ ಹಿಂದಿನಿಂದ ಬಂದ ಜನ ಸಂಗೀತದ ಬಗ್ಗೆ ತಮ್ಮ ಅಭಿಪ್ರಾಯವನ್ನು ನನ್ನ ಚೀಲದ ಮೇಲೆ ಒತ್ತಿದರು. ಒಳಗೆ ಟಪ್ ಎಂದಿತು. ನಾಲ್ಕು ಚೂರು. ಇನ್ನು ಮುಂದೆ ಭಂಗಾರದವರನ್ನು ಬೈಯುವ ಹಕ್ಕು ನನಗಿಲ್ಲ.

ಧಾರವಾಡದಲ್ಲಿ ಪರಿಚಯದ ಪತ್ತಾರರ ಅಂಗಡಿಗೆ ಹೋದೆ. ಬಂಗಾರದ ಗುಂಡಿನೊಳಗೆ ಅರಗು ತುಂಬುವ ಕೈ ಅದು. ಅರಗನ್ನು ಅರಗಿನಿಂದಲೇ ಬೆಸೆಯಬಹುದೇನೋ ಎಂಬ ಆಸೆ. ಅವರು ಒಂದು ಚೂರನ್ನು ಚಿಮಟದಲ್ಲಿ ಹಿಡಿದು ದೀಪಕ್ಕೆ ಒಡ್ಡಿದರು. ಹೊಗೆ ಎದ್ದಿತು. ಮೂಸಿದರು. ಉಗುರಿನಿಂದ ಕೆರೆದರು. ಆಮೇಲೆ ನನ್ನ ಮುಖ ನೋಡಿದರು.

"ಎಲ್ಲಿ ತಂದ್ರಿ ಇದನ್ನ?"

"ಅಳ್ನಾವರದಾಗ."

"ಮೂರು ಪಾಲು ಕಲ್ಲೈತಿ, ಒಂದು ಪಾಲು ಅರಗು. ನಾವು ಇಷ್ಟು ಬೆರಕಿ ಮಾಡಿದ್ರ ಮಂದಿ ಅಂಗಡಿ ಕಿತ್ತು ಒಗೀತಾರ," ಎಂದು ಪತ್ತಾರರು ಚೂರನ್ನು ಕಾಗದದಲ್ಲಿ ಸುತ್ತಿ ವಾಪಸು ಕೊಟ್ಟರು. "ಹತ್ತು ರೂಪಾಯಿ ಜಾಸ್ತಿ ಆತ್ರಿ."